ಅರವತ್ತು ಮೀಟರಿನಲ್ಲಿ ಕೇಳಿದ ಕೂಗು

ರೇಡಿಯೊ ಎಂದರೆ ನನಗೆ ಶುದ್ಧ ಲೆಕ್ಕ. ಎಲ್ಲೋ ಒಬ್ಬರು ಮೈಕಿನ ಮುಂದೆ ಮಾತಾಡಬೇಕು, ಅಲ್ಲೊಂದು ಟ್ರಾನ್ಸ್‌ಮಿಟರ್ ಇರಬೇಕು, ಅದರಿಂದ ಹೊರಟ ಅಲೆ ಆಕಾಶಕ್ಕೆ ತಾಗಿ ಬಾಗಿ ಕೆಳಗಿಳಿಯಬೇಕು, ಇಲ್ಲಿ ಒಂದು ತಂತಿ ಅದನ್ನು ಹಿಡಿಯಬೇಕು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಪೆಟ್ಟಿಗೆ ಮೂಕ. ರೇಡಿಯೊದಲ್ಲಿ ಸತ್ತವರ ದನಿ ಕೇಳಿತು, ಹಾಳು ಮನೆಯ ಸೆಟ್ಟು ತಾನಾಗಿ ಹಾಡಿತು ಎಂದೆಲ್ಲ ಹೇಳುವವರು ನಮ್ಮ ಚಳ್ಳಕೆರೆಯಲ್ಲೂ ಇದ್ದರು. ಅವರ ಎದುರಿಗೇ ನಾನು ಜೋರಾಗಿ ನಕ್ಕಿದ್ದೇನೆ. ಈಗಲೂ ಅಂಥ ಕಥೆಗಳನ್ನು ನಂಬುವವನಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಏಕೆ ಬಿಟ್ಟೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಇದಕ್ಕೆ ವಿವರಣೆ ಕೊಡಬಲ್ಲೆ ಎಂದು ಮಾತ್ರ ನೀವು ಕಾಯಬೇಡಿ. ನನ್ನ ಹತ್ತಿರ ಅದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆಯವರದು ಕಡಲೆಕಾಯಿ ಎಣ್ಣೆಯ ಗಾಣ, ಅಂದರೆ ಮೋಟಾರಿನ ಮಿಲ್ಲು. ಹಗಲು ಮಿಲ್ಲಿನ ಕೆಲಸ, ಸಂಜೆಯಾದರೆ ರೇಡಿಯೊ. ಹಾಡು, ವಾರ್ತೆ ಕೇಳುವ ಚಟವಲ್ಲ ಅದು. ದೂರದ, ಕೇಳಿಸಿಯೂ ಕೇಳಿಸದಂತಿರುವ ಚಿಕ್ಕಪುಟ್ಟ ಸ್ಟೇಷನ್‌ಗಳನ್ನು ಹುಡುಕಿ ಹಿಡಿಯುವ ಹುಚ್ಚು. ಯಾವುದೋ ದ್ವೀಪದ ಸ್ಟೇಷನ್ ಅರೆಗಳಿಗೆ ಮೇಲೆದ್ದು ಮುಳುಗಿದರೆ, ಅದರ ಹೆಸರು ನನ್ನ ಕಿವಿಗೆ ಬಿದ್ದರೆ, ಆ ವಾರವೆಲ್ಲ ನನಗೆ ಹಬ್ಬ. ಹೆಂಡತಿಗೆ ಇದು ಯಾವತ್ತೂ ಅರ್ಥವಾಗಲಿಲ್ಲ. ನಜೀರನಿಗೆ ಅರ್ಥವಾಗುತ್ತಿತ್ತು.

ನಜೀರ್ ನನ್ನ ಓರಗೆಯವನು, ಶಾಲೆಯಿಂದ ಜೊತೆಗಿದ್ದವನು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಮೋಟಾರ್ ವೈಂಡಿಂಗ್ ಅಂಗಡಿ. ಅವನಿಗೂ ಇದೇ ಹುಚ್ಚು. ಆದರೆ ನಮ್ಮಿಬ್ಬರ ಸೆಟ್ಟುಗಳು ಬೇರೆ. ನನ್ನದು ದುಬೈಯಿಂದ ತರಿಸಿದ ಜಪಾನಿನ ಸೆಟ್ಟು. ತೆಳ್ಳಗೆ, ಹೊಳೆಯುತ್ತ, ಅಂಕಿಗಳು ದೀಪದಲ್ಲಿ ಮೂಡುವಂಥದು. ಅವನದು ಮುಂಬೈಯ ಹಳೆ ಸಾಮಾನಿನ ಬಜಾರಿನಿಂದ ಹೊತ್ತು ತಂದದ್ದು. ಒಡೆದ ಹಡಗೊಂದರಿಂದ ಬಿಚ್ಚಿದ ಸೆಟ್ಟು ಅದು, ಇಬ್ಬರು ಹಿಡಿದು ಎತ್ತಬೇಕು. ಅದನ್ನು ನಾನು ಹಂಡೆ ಎಂದೇ ಕರೆಯುತ್ತಿದ್ದೆ. ಯಾವುದು ಮೇಲು ಎಂಬ ಜಗಳ ವರ್ಷದಿಂದ ನಡೆದಿತ್ತು. ಚಳ್ಳಕೆರೆಯಲ್ಲಿ ಅದನ್ನು ತೀರ್ಮಾನಿಸುವಂತಿರಲಿಲ್ಲ. ಅಷ್ಟೂ ಮಿಲ್ಲಿನ ಮೋಟಾರುಗಳು ಸೇರಿ ಎಬ್ಬಿಸುವ ಗರಗರ ಸದ್ದಿನಲ್ಲಿ ಎರಡು ಸೆಟ್ಟೂ ಒಂದೇ. ಕೊನೆಗೆ ಮೊಳಕಾಲ್ಮೂರಿನ ನನ್ನ ಅಕ್ಕ ಗಿರಿಜಕ್ಕನ ಮನೆಯಲ್ಲಿ ಪರೀಕ್ಷೆ ಎಂದು ನಿಶ್ಚಯವಾಯಿತು. ಭಾವ ರೇಷ್ಮೆ ಸೀರೆಯ ವ್ಯಾಪಾರದವರು. ಮನೆ ಊರ ಹೊರಗೆ, ಬಂಡೆಗುಡ್ಡದ ಬುಡದಲ್ಲಿ. ಸುತ್ತ ಕೈಮಗ್ಗಗಳು, ಅವಕ್ಕೆ ಕರೆಂಟಿನ ಹಂಗಿಲ್ಲ.

ಮಾರ್ಗಶಿರದ ಚಳಿ ಶುರುವಾಗಿತ್ತು. ಮಿಲ್ಲಿನ ಜೀಪಿನಲ್ಲಿ ಎರಡೂ ಸೆಟ್ಟು, ಬ್ಯಾಟರಿಗಳು, ತಂತಿಯ ಸುರುಳಿ ಹೇರಿಕೊಂಡು ಮಧ್ಯಾಹ್ನವೇ ಹೋದೆವು. ಮನೆಯ ಹಿತ್ತಿಲಿನಿಂದ ಗುಡ್ಡದ ಬಂಡೆಯವರೆಗೆ ಉದ್ದನೆಯ ತಂತಿ ಎಳೆದೆವು. ಒಂದೇ ಏರಿಯಲ್, ನಡುವೆ ಒಂದು ಸ್ವಿಚ್ಚು. ಈ ಕಡೆ ಒತ್ತಿದರೆ ಜಪಾನಿನದು, ಆ ಕಡೆ ಒತ್ತಿದರೆ ಹಡಗಿನದು. ಮೋಸಕ್ಕೆ ದಾರಿಯಿಲ್ಲ.

ನಮ್ಮ ಮುಸ್ಸಂಜೆಗೆ ದಕ್ಷಿಣ ಅಮೆರಿಕದಲ್ಲಿ ಬೆಳಗು. ಆ ಸ್ವಲ್ಪ ಹೊತ್ತಿನಲ್ಲಿ ಅಲ್ಲಿನ ಬೆಟ್ಟದೂರುಗಳ ಪುಟ್ಟ ಸ್ಟೇಷನ್‌ಗಳು ಶಾರ್ಟ್‌ವೇವಿನ ಅರವತ್ತು ಮೀಟರ್ ಬ್ಯಾಂಡಿನಲ್ಲಿ ಭೂಮಿಯನ್ನು ಅರ್ಧ ಸುತ್ತಿ ಇಲ್ಲಿಗೆ ಬರುವುದುಂಟು. ನಾವು ಕಾದಿದ್ದು ಅದಕ್ಕೇ. ಹೊತ್ತು ಮುಳುಗುವಾಗ ನಮ್ಮ ಅದೃಷ್ಟಕ್ಕೆ ಕರೆಂಟೂ ಹೋಯಿತು. ಬೀದಿಯವರೆಲ್ಲ ಶಾಪ ಹಾಕುತ್ತಿದ್ದರೆ ನಾವಿಬ್ಬರು ಕೈ ಕುಲುಕಿದೆವು. ಟ್ಯೂಬ್‌ಲೈಟುಗಳ ಗೊರಗೊರ ನಿಂತು ಬ್ಯಾಂಡು ಬಾವಿಯ ನೀರಿನ ಹಾಗೆ ಶಾಂತವಾಯಿತು.

ಮೊದಲು ಗಿಟಾರಿನಂಥದೇನೋ ಮಸುಕಾಗಿ ಕೇಳಿತು, ಹೋಯಿತು. ನನ್ನ ಸೆಟ್ಟು ಅದನ್ನು ಗದ್ದಲದಿಂದ ಚೂರು ಬಿಡಿಸಿ ಕೇಳಿಸಿತು. ಅವನ ಸೆಟ್ಟಿನಲ್ಲಿ ಗದ್ದಲ ಹೆಚ್ಚು, ಆದರೆ ದನಿ ತುಂಬಿಕೊಂಡಿತ್ತು.

“ನೋಡ್ಲೇ, ನಿನ್ನ ಹಂಡೆ ಬರೀ ಕುದೀತೈತೆ,” ಎಂದೆ.

“ಹಂಡೆನೇ ಸರಿ. ಹಂಡ್ಯಾಗೆ ಏನಾರ ಇರ್ತೈತೆ. ನಿನ್ನ ಪೆಟ್ಟಿಗ್ಯಾಗೆ ಬರೀ ದೀಪ,” ಎಂದ ನಜೀರ್.

ಹೀಗೆ ಹಂಡೆ, ಪೆಟ್ಟಿಗೆ ಎಂದು ಕಿತ್ತಾಡುತ್ತ ಸ್ವಿಚ್ಚನ್ನು ಅತ್ತಿತ್ತ ಒತ್ತುತ್ತಿದ್ದಾಗ ಆ ದನಿ ಬಂತು. ಹೆಂಗಸಿನ ದನಿ. ಬಹಳ ದೂರದ್ದು, ಆದರೆ ಪರದೇಶದ್ದಲ್ಲ.

“ಓಬಣ್ಣಾ... ಓ ಓಬಣ್ಣಾ...”

ನಾನು ಸ್ವಿಚ್ಚಿನಿಂದ ಕೈ ತೆಗೆದೆ. ಮತ್ತೆ ಬಂತು. ಹೆಸರಿನ ಕೊನೆಯನ್ನು ಎಳೆದು, ಬಯಲಿನಲ್ಲಿ ಕುರಿ ಕಾಯುವವರು ಒಬ್ಬರನ್ನೊಬ್ಬರು ಕೂಗುವ ಹಾಗೆ. ನಡುವೆ ತೆಲುಗಿನ ಹಾಗಿರುವ ಮಾತು ಒಂದೆರಡು, ಸ್ಪಷ್ಟವಿಲ್ಲ.

“ತೆಲುಗು ನಾಟಕ ಕಣ್ಲಾ. ಯಾವುದೋ ಸ್ಟೇಷನ್ ಜಾಗ ಬಿಟ್ಟು ಬಂದೈತೆ,” ಎಂದ ನಜೀರ್.

ನಾಟಕವೇ ಇರಬಹುದು ಎಂದುಕೊಂಡೆ. ಆದರೆ ಸಂಗೀತವಿಲ್ಲ, ಬೇರೆ ಪಾತ್ರವಿಲ್ಲ, ಸ್ಟೇಷನ್ನಿನ ಹೆಸರು ಹೇಳುವವರಿಲ್ಲ. ಆ ದನಿ ನಿಜವಾದ ಸ್ಟೇಷನ್ನಿನ ಹಾಗೇ ಒಂದು ಜಾಗದಲ್ಲಿ ನಿಂತಿತ್ತು. ತಿರುಗಣೆ ಕೂದಲೆಳೆಯಷ್ಟು ಸರಿದರೂ ಮಾಯ. ಎರಡೂ ಸೆಟ್ಟುಗಳಲ್ಲಿ ಅದೇ ಜಾಗ. ಒಂದು ವಿಷಯ ಮಾತ್ರ ನನಗೆ ಸರಿಬರಲಿಲ್ಲ. ಸಿಗ್ನಲ್ ಎಷ್ಟು ಬಲವಾಗಿದೆ ಎಂದು ತೋರಿಸುವ ಮೀಟರಿನ ಮುಳ್ಳು ಎರಡರಲ್ಲೂ ಸತ್ತಂತೆ ಮಲಗಿತ್ತು. ಗಿಟಾರಿಗೆ ಅಲುಗಿದ ಮುಳ್ಳು ಈ ದನಿಗೆ ಅಲುಗಲಿಲ್ಲ. ನಜೀರನಿಗೆ ತೋರಿಸಿದೆ. ಅವನು ತನ್ನ ಸೆಟ್ಟಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಗೊರಗೊರ ಬಂತು, ದನಿ ಮುಚ್ಚಿಹೋಯಿತು. ಊಟ ಮಾಡಿ ಮಲಗಿದೆವು.

ಬೆಳಗಿನ ಜಾವ ಮತ್ತೆ ಹಿತ್ತಿಲಿಗೆ ಬಂದೆವು. ಆ ಹೊತ್ತಿಗೂ ದಕ್ಷಿಣ ಅಮೆರಿಕ ಬರುತ್ತದೆ. ಸೆಟ್ಟು ಹಚ್ಚಿದರೆ ಅದೇ ಜಾಗದಲ್ಲಿ ಅದೇ ಹೆಂಗಸು. ಈಗ ದನಿ ಒಡೆದಿತ್ತು. ಕೂಗಿಗೂ ಕೂಗಿಗೂ ನಡುವೆ ಬಹಳ ಹೊತ್ತು ಬಿಡುವು. ನಾಟಕದವರು ರಾತ್ರಿಯೆಲ್ಲ ಕೂಗಿ ಸುಸ್ತಾಗುವುದುಂಟೆ?

ಗಿರಿಜಕ್ಕ ಕಾಫಿ ತಂದವಳು ಲೋಟ ಕೈಯಲ್ಲೇ ಹಿಡಿದು ನಿಂತಳು.

“ಯಾರೋ ಅದು?”

“ನಾಟಕ ಇರ್ಬೇಕು ಅಕ್ಕಾ.”

ಅವಳು ಸ್ಪೀಕರಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಕಿವಿಗೊಟ್ಟಳು. ಮೊಳಕಾಲ್ಮೂರಿಗೆ ಬಂದ ಮೇಲೆ ಅವಳಿಗೆ ಕನ್ನಡದಷ್ಟೇ ತೆಲುಗು.

“ನಾಟಕ ಎಲ್ಲಿಂದ ಬಂತು? ನೀಳ್ಳು ನೀಳ್ಳು ಅಂತೈದಾಳೆ. ನೀರು ಕೇಳ್ತಾಳೆ ಕಣ್ರೋ. ಗಂಟ್ಲು ಒಣಗೈತೆ ಅವಳ್ದು.”

“ರೇಡಿಯೋದಾಗೆ ಬರೋರ್ಗೆ ನಾವೇನು ಮಾಡಾಕಾಗುತ್ತೆ ಅಕ್ಕಾ?”

“ರಾತ್ರಿ ಉಂಬಾಕೆ ಕುಂತಾಗ, ದನಿ ಯಾವ ದಿಕ್ಕಿಂದ ಬರ್ತೈತೆ ಅಂತ ಹೇಳ್ತೀವಿ ಅಂತ ಕೊಚ್ಕಂತಿದ್ರಲ್ಲ. ಈಗ ಹೇಳ್ರಿ. ಹೋಗ್ರಿ, ಹೋಗಿ ನೋಡ್ರಿ!”

ಕೊನೆಯ ಮಾತನ್ನು ಅವಳು ಗದರಿದ ಹಾಗೆ ಜೋರಾಗಿ ಹೇಳಿದಳು. ಅಲ್ಲಿಗೆ ಸ್ಪೀಕರಿನಲ್ಲಿ ದನಿ ನಿಂತಿತು. ಆಗ ನಾವದಕ್ಕೆ ಗಮನ ಕೊಡಲಿಲ್ಲ, ಬಿಡುವು ಎಂದುಕೊಂಡೆವು. ನಿಲ್ಲುವ ಮೊದಲೇ ನಜೀರ್ ಒಂದು ಕೆಲಸ ಮಾಡಿದ್ದ. ಮರದ ಚೌಕಟ್ಟಿಗೆ ತಂತಿ ಸುತ್ತಿದ ಏರಿಯಲ್ ಒಂದು ನಮ್ಮ ಹತ್ತಿರ ಇತ್ತು. ಅದನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಕಡೆ ಸದ್ದು ಪೂರ್ತಿ ಅಡಗುತ್ತದೆ. ಸ್ಟೇಷನ್ ಯಾವ ಸಾಲಿನಲ್ಲಿದೆ ಎಂದು ಅದರಿಂದ ತಿಳಿಯುತ್ತದೆ. ಅಕ್ಕ ಕೂತು ಕೇಳುತ್ತಿದ್ದಾಗಲೇ ಅವನು ಅದನ್ನು ತಿರುಗಿಸಿ ನೋಡಿದ್ದ. ಸಾಲು ಒಂದು ತುದಿಗೆ ರಾಯದುರ್ಗದ ಕಡೆಗೆ, ಇನ್ನೊಂದು ತುದಿಗೆ ತಳಕು, ನಾಯಕನಹಟ್ಟಿಯ ಕಡೆಗೆ. ಎರಡರಲ್ಲಿ ಯಾವುದು ಎಂದು ಒಂದೇ ಜಾಗದಿಂದ ಹೇಳಲಾಗದು. ಹೇಗಿದ್ದರೂ ನಾವು ಊರಿಗೆ ಹೋಗುವ ದಾರಿ ತಳಕಿನ ಮೇಲೆಯೇ. ಹಡಗಿನ ಸೆಟ್ಟನ್ನು ಅಕ್ಕನ ಮನೆಯಲ್ಲೇ ಬಿಟ್ಟು, ನನ್ನ ಸೆಟ್ಟು ಮತ್ತು ಚೌಕಟ್ಟನ್ನು ಜೀಪಿಗೆ ಹಾಕಿಕೊಂಡು ಹೊರಟೆವು.

ನಿಜ ಹೇಳುತ್ತೇನೆ, ಹೊರಡುವಾಗ ನಮಗೆ ಯಾರನ್ನೋ ಕಾಪಾಡುವ ಯೋಚನೆಯೇನೂ ಇರಲಿಲ್ಲ. ಅಕ್ಕನ ಬಾಯಿಗೆ ಹೆದರಿ ಹೊರಟೆವು. ಯಾರೋ ಮೈಕ್ ಸೆಟ್ಟಿನವನ ಕಿತಾಪತಿ ಇರಬೇಕು, ಹಿಡಿದು ನಾಲ್ಕು ಮಾತು ಕೇಳೋಣ ಎಂದು ದಾರಿಯುದ್ದಕ್ಕೂ ನಜೀರ್ ಹೇಳುತ್ತಿದ್ದ.

ತಳಕಿನ ಹತ್ತಿರ ರಸ್ತೆ ಬದಿಯಲ್ಲಿ ಜೀಪು ನಿಲ್ಲಿಸಿ ಸೆಟ್ಟು ಹಚ್ಚಿದೆವು. ಬಿಸಿಲು ಏರಿತ್ತು. ಆ ಹೊತ್ತಿಗೆ ಆ ಬ್ಯಾಂಡಿನಲ್ಲಿ ದೂರದ್ದೇನೂ ಉಳಿಯುವುದಿಲ್ಲ, ಬರೀ ಸುಯ್ಯೆನ್ನುವ ಸದ್ದು. ಅದರ ನಡುವೆ ಹೆಂಗಸಿನ ದನಿ ಎದ್ದು ಬಂತು. ಮೊಳಕಾಲ್ಮೂರಿನಲ್ಲಿ ಕೇಳಿದ್ದಕ್ಕಿಂತ ದೊಡ್ಡದಾಗಿ, ಸ್ಪಷ್ಟವಾಗಿ. ಒಡೆದಿರಲಿಲ್ಲ. ಮಾತೂ ಬೇರೆ.

“ಇಟು ರಂಡಿ... ಇಟು...”

ಈ ಕಡೆ ಬನ್ನಿ ಎಂದು. ಇಷ್ಟು ತೆಲುಗು ನಮಗೂ ಬರುತ್ತದೆ. ಚೌಕಟ್ಟು ನೇರ ಪಡುವಣಕ್ಕೆ, ವರವು ಕಾವಲಿನ ಕಡೆಗೆ ತೋರಿಸಿತು. ಮುಳ್ಳು ಮಾತ್ರ ಸೊನ್ನೆಯಿಂದ ಮೇಲೇಳಲಿಲ್ಲ. ನಜೀರ್ ಮೈಕ್ ಸೆಟ್ಟಿನವನ ಮಾತನ್ನು ಮತ್ತೆ ಎತ್ತಲಿಲ್ಲ.

ಕಾವಲೆಂದರೆ ಆಗ ಕಣ್ಣು ಹಾಯುವಷ್ಟು ದೂರ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಕಂಬವಿಲ್ಲ, ತಂತಿಯಿಲ್ಲ. ಗಾಡಿಜಾಡು ಹಿಡಿದು ಒಳಗೆ ಹೋದೆವು. ಜಾಡು ಕವಲೊಡೆದಲ್ಲೆಲ್ಲ ನಿಲ್ಲಿಸಿ ಸೆಟ್ಟು ಹಚ್ಚುತ್ತಿದ್ದೆ. ನಿಲ್ಲಿಸಿದಾಗಲೆಲ್ಲ ಆ ದನಿ ಇತ್ತು. ಒಂದು ಕಡೆ ನಜೀರ್ ಚೌಕಟ್ಟಿನ ಸೂಚನೆ ಬಿಟ್ಟು ನೆಟ್ಟಗಿರುವ ಜಾಡಿಗೆ ಜೀಪು ಹೊರಳಿಸಿದ. ಕೂಡಲೇ ಅದು “ಅಟು ಕಾದು” ಎಂದಿತು. ಆ ಕಡೆಯಲ್ಲ ಎಂದು. ಅವನು ಬ್ರೇಕು ಒತ್ತಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಜೀಪನ್ನು ಹಿಂದಕ್ಕೆ ತೆಗೆದ.

ಒಂದು ದಿಬ್ಬದ ಹತ್ತಿರ ಬಂದಾಗ ಚೌಕಟ್ಟನ್ನು ಯಾವ ಕಡೆ ತಿರುಗಿಸಿದರೂ ಸದ್ದು ಅಡಗಲಿಲ್ಲ. ಎಲ್ಲ ದಿಕ್ಕಿನಿಂದಲೂ ಒಂದೇ ಸಮ. ಎಂಜಿನ್ ಆರಿಸಿ, ಸೆಟ್ಟನ್ನೂ ಆರಿಸಿ ಇಳಿದೆವು. ಬರೀ ಗಾಳಿ. ಆಮೇಲೆ ನಜೀರ್ ಕೈ ತೋರಿಸಿದ. ಜಾಲಿಯ ಮುಳ್ಳಿಗೆ ಕರಿ ಕಂಬಳಿಯೊಂದು ಸಿಕ್ಕಿಕೊಂಡಿತ್ತು. ಅದರ ಬುಡದಲ್ಲಿ ಹುಲ್ಲು ಮುಚ್ಚಿದ ಹಾಳುಬಾವಿ.

ಬಗ್ಗಿ ನೋಡಿದರೆ ತಳದ ಕೆಸರಿನಲ್ಲಿ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಐವತ್ತು ದಾಟಿದ ವಯಸ್ಸು. ಒಂದು ಕಾಲು ಮಡಚಿದ ರೀತಿ ನೋಡಿದರೇ ಮುರಿದಿದೆ ಎಂದು ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿತ್ತು.

“ಅವ್ವಾ!” ಎಂದು ನಜೀರ್ ಕೂಗಿದ. ಅವಳು ಕಣ್ಣು ತೆರೆದಳು. ತುಟಿ ಅಲುಗಿತು, ದನಿ ಬರಲಿಲ್ಲ.

ಜೀಪಿನ ಹಗ್ಗ ಹಿಡಿದು ನಜೀರ್ ಇಳಿದು ನೀರು ಕುಡಿಸಿದ. ನಾನು ಜೀಪನ್ನು ಹತ್ತಿರದ ಹಟ್ಟಿಗೆ ಓಡಿಸಿ ಜನ ಮತ್ತು ಒಂದು ಮಂಚ ತಂದೆ. ಮಂಚಕ್ಕೆ ಹಗ್ಗ ಕಟ್ಟಿ ಅವಳನ್ನು ಮೇಲೆತ್ತಿದೆವು. ಹಟ್ಟಿಯವರು ಗುರುತು ಹಿಡಿದರು. ಅವಳ ಹೆಸರು ತಿಪ್ಪಮ್ಮ, ಮನೆಮಾತು ತೆಲುಗು, ತಮ್ಮ ಓಬಣ್ಣನ ಜೊತೆ ಕುರಿ ಕಾಯುವವಳು. ತಪ್ಪಿಸಿಕೊಂಡ ಒಂದು ಕುರಿ ಹುಡುಕಿಕೊಂಡು ಬಂದವಳು ಹುಲ್ಲಿನಲ್ಲಿ ಬಾವಿ ಕಾಣದೆ ಬಿದ್ದಿದ್ದಳು. ಅಕ್ಕ ಬಸ್ಸು ಹತ್ತಿ ಮನೆಗೆ ಹೋದಳು ಎಂದುಕೊಂಡು ತಮ್ಮ ಮಂದೆ ಹೊಡೆದುಕೊಂಡು ಪರಶುರಾಂಪುರದ ಕಡೆ ನಡೆದುಬಿಟ್ಟಿದ್ದ. ಮನೆಯವರು ಅವಳು ತಮ್ಮನ ಜೊತೆ ಇದ್ದಾಳೆ ಎಂದುಕೊಂಡಿದ್ದರು. ಅಂದರೆ ಅವಳನ್ನು ಯಾರೂ ಹುಡುಕುತ್ತಿರಲಿಲ್ಲ. ಇನ್ನೊಂದು ದಿನ ಕಳೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ನನಗೆ ಮನಸ್ಸು ಬರುವುದಿಲ್ಲ.

ಚಳ್ಳಕೆರೆಯ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಬಿಟ್ಟು ನೋಡಲು ಹೋದಾಗ ಅವಳು ಎದ್ದು ಒರಗಿ ಕೂತಿದ್ದಳು. ಓಬಣ್ಣ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ನಾವು ಇಬ್ಬರು ಏನೋ ಮಾತಾಡಿಕೊಳ್ಳುತ್ತ ಒಳಗೆ ಹೋಗುತ್ತಿದ್ದಂತೆ ಅವಳು ನಮ್ಮ ಕಡೆ ತಿರುಗಿದಳು.

“ಹಂಡೆ ಹಂಡೆ ಅಂತಿದ್ದೋರು ನೀವೇ ಅಲ್ವೇನ್ರಪ್ಪಾ?”

ನಾವು ಬಾಗಿಲಲ್ಲೇ ನಿಂತೆವು.

“ಬಾವಿ ದಂಡಿ ಮ್ಯಾಲೆ ಯಾರೋ ಕುಂತು ಜಗಳ ಆಡ್ದಂಗೆ ಕೇಳ್ತಿತ್ತು. ಹಂಡೆ ಅಂದ್ರಿ. ಹಂಡ್ಯಾಗೆ ಏನಾರ ಇರ್ತೈತೆ ಅಂದ್ರಿ. ನೀರಿರ್ತೈತೆ ಅನ್ಕಂಡು ಕೂಗ್ದೆ, ಕೂಗ್ದೆ. ನೀವು ಕೇಳಿಸ್ಕೊಂಡ್ರೂ ಕೇಳಿಸ್ಕೊಳ್ಳದಂಗೆ ಇದ್ರಿ.”

ನಮ್ಮ ಹತ್ತಿರ ಇದ್ದದ್ದು ಕೇಳುವ ಸೆಟ್ಟುಗಳು. ಅವುಗಳಿಂದ ಮಾತು ಹೊರಗೆ ಹೋಗುವುದಿಲ್ಲ. ಮೊಳಕಾಲ್ಮೂರಿನ ಹಿತ್ತಿಲಿಗೂ ಆ ಬಾವಿಗೂ ನಡುವೆ ಜೀಪಿನಲ್ಲಿ ಒಂದು ಗಂಟೆಯ ದಾರಿ. ಇದನ್ನೆಲ್ಲ ಅವಳಿಗೆ ಹೇಗೆ ಹೇಳಲಿ? ಅವಳು ತನ್ನ ಪಾಡಿಗೆ ಹೇಳುತ್ತ ಹೋದಳು.

“ಬೆಳಿಗ್ಗೆ ಒಬ್ಬ ಹೆಣ್ಮಗಳು ಹೋಗ್ರಿ, ಹೋಗಿ ನೋಡ್ರಿ ಅಂದ್ಲು. ಆಗ ಜೀವಕ್ಕೆ ಸಮಾಧಾನ ಆತು. ಬರ್ತಾರೆ ಬಿಡು ಅಂತ ಕಣ್ಣು ಮುಚ್ಕಂಡೆ. ಆಮ್ಯಾಲೆ ನಾನು ಬಾಯಿ ಬಿಡ್ಲಿಲ್ಲ.”

“ಆಮೇಲೆ ಕೂಗ್ಲೇ ಇಲ್ವಾ ಅವ್ವಾ?” ಎಂದು ನಜೀರ್ ಕೇಳಿದ.

“ಗಂಟ್ಲೆಲ್ಲಿತ್ತಪ್ಪಾ ಕೂಗಾಕೆ?”

ಹೊರಗೆ ಬಂದು ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆವು. ತಳಕಿನಲ್ಲಿ ಕೇಳಿದ್ದು ಯಾರ ದನಿ? ಕಾವಲಿನಲ್ಲಿ ಆ ಕಡೆಯಲ್ಲ ಎಂದದ್ದು ಯಾರು? ತಮ್ಮನನ್ನು ಕೂಗುವವಳು ‘ರಂಡಿ’ ಎಂದು ಬಹುವಚನದಲ್ಲಿ ಏಕೆ ಕರೆಯುತ್ತಾಳೆ ಎಂಬ ಪ್ರಶ್ನೆ ಆಗ ನನಗೆ ಹೊಳೆಯಿತು. ಕೇಳಿದ್ದನ್ನು ಟೇಪ್ ಮಾಡಿಕೊಂಡಿದ್ದೆವೇ ಎಂದು ನೀವು ಕೇಳಬಹುದು. ಇಲ್ಲ. ಹೋಲಿಕೆ ಮಾಡುವ ಭರದಲ್ಲಿ ಟೇಪ್ ರೆಕಾರ್ಡರನ್ನು ಮಿಲ್ಲಿನಲ್ಲೇ ಮರೆತು ಹೋಗಿದ್ದೆವು.

ಆಮೇಲೆ ನಮಗೆ ತಿಳಿದ ಎಲ್ಲವನ್ನೂ ಮಾಡಿ ನೋಡಿದೆವು. ಅದೇ ಹಿತ್ತಿಲು, ಅದೇ ತಂತಿ, ಅದೇ ಸಂಜೆಯ ಹೊತ್ತು, ಎರಡೂ ಸೆಟ್ಟು. ಬರೀ ಸುಯ್ಯೆನ್ನುವ ಸದ್ದು. ಬಾವಿಯ ಹತ್ತಿರ ಹೋಗಿ ನಾನು ಒಳಗೆ ಬಗ್ಗಿ ಕೂಗಿದೆ, ನಜೀರ್ ಜೀಪಿನಲ್ಲಿ ಸೆಟ್ಟು ಹಚ್ಚಿ ಕೂತ. ಏನೂ ಬರಲಿಲ್ಲ. ಬಾವಿಯಲ್ಲಿ ಹಳೆಯ ಕಬ್ಬಿಣದ ಪೈಪಿದ್ದರೆ ಏನಾದರೂ ಆಗಬಹುದೇ ಎಂದು ಅವನು ಹುಡುಕಿದ. ಕಲ್ಲು, ಕೆಸರು ಬಿಟ್ಟರೆ ಅಲ್ಲೇನಿಲ್ಲ. ರೇಡಿಯೊ ಬಲ್ಲ ಇಬ್ಬರಿಗೆ ಹೇಳಿದೆ. ಒಬ್ಬರು ನಕ್ಕರು, ನಾನು ಹಿಂದೆ ನಗುತ್ತಿದ್ದ ಹಾಗೆಯೇ. ಇನ್ನೊಬ್ಬರು ಆ ಜೀಪಿನಲ್ಲಿ ನೀವಿಬ್ಬರೂ ಹಸಿದಿದ್ದಿರಿ, ಇಲ್ಲದ್ದು ಕಿವಿಗೆ ಕೇಳಿಸಿರಬೇಕು ಎಂದರು. ನಮ್ಮ ಪರೀಕ್ಷೆಯೂ ಅಲ್ಲಿಗೇ ನಿಂತಿತು. ಯಾವ ಸೆಟ್ಟು ಮೇಲು ಎಂಬ ಮಾತನ್ನು ಆಮೇಲೆ ಇಬ್ಬರೂ ಎತ್ತಿಲ್ಲ.

ಯುಗಾದಿ ಕಳೆದ ಮೇಲೆ ತಿಪ್ಪಮ್ಮ ತಮ್ಮನ ಜೊತೆ ಕುಂಟುತ್ತ ಮೊಳಕಾಲ್ಮೂರಿಗೆ, ಅಕ್ಕನ ಮನೆಗೆ ಬಂದಳು. ಕೊಡಲು ಒಂದು ಹೊಸ ಕಂಬಳಿ ತಂದಿದ್ದಳು. ಅಕ್ಕ ಹೇಳಿ ಕಳಿಸಿದ್ದರಿಂದ ನಾನೂ ನಜೀರನೂ ಹೋಗಿದ್ದೆವು. ಗಿರಿಜಕ್ಕ ಬಾಗಿಲಲ್ಲಿ “ಬಾರಮ್ಮ, ಒಳಗೆ ಬಾ” ಎಂದದ್ದೇ ತಡ, ತಿಪ್ಪಮ್ಮ ಅವಳ ಎರಡೂ ಕೈ ಹಿಡಿದುಕೊಂಡು, “ಇದೇ ದನಿ, ಇದೇ ದನಿ” ಎಂದು ಅತ್ತಳು. ಅಕ್ಕನೂ ಅತ್ತಳು. ಊಟವಾಯಿತು. ಎಲೆ ಅಡಿಕೆ ಹಾಕಿಕೊಳ್ಳುತ್ತ ತಿಪ್ಪಮ್ಮ ಮನೆಯೊಳಗೆಲ್ಲ ಕಣ್ಣಾಡಿಸಿದಳು.

“ಆ ಇನ್ನೊಬ್ಬಾಕೆ ಎಲ್ಲಿ?”

“ಯಾರು?” ಎಂದಳು ಅಕ್ಕ.

“ಗಾಡ್ಯಾಗೆ ಇವರ ಜತೆ ಕುಂತು ದಾರಿ ಹೇಳ್ಕಂಡು ಬಂದ್ಲಲ್ಲ, ಇಟು ಇಟು ಅಂತ. ವಯಸ್ಸಾದಾಕೆ ದನಿ. ನಾನು ಕಣ್ಣು ಮುಚ್ಕಂಡು ಅವಳ ಮಾತೇ ಕೇಳ್ತಿದ್ದೆ. ಆಕೆನೂ ಒಂದ್ಸಲ ನೋಡ್ಬೇಕು ಅಂತಿತ್ತು.”

ಅಕ್ಕ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುವ ಮೊದಲೇ ನಜೀರ್ ಹೇಳಿಬಿಟ್ಟ.

“ಇದ್ಲು ಅವ್ವಾ. ಆ ಕಡೆ ದಾರಿ ಗೊತ್ತಿದ್ದಾಕೆ. ಅಲ್ಲೇ ಕಾವಲಿನಾಗೆ ಇಳ್ಕಂಡ್ಲು.”

ತಿಪ್ಪಮ್ಮ ಸಮಾಧಾನದಿಂದ ತಲೆಯಾಡಿಸಿ, ಕಾವಲಿನ ದಿಕ್ಕಿಗೆ ಕೈ ಮುಗಿದಳು.

ವಾಪಸ್ಸು ಬರುವಾಗ ತಳಕು ದಾಟುವವರೆಗೆ ನಾನು ತಡೆದುಕೊಂಡೆ. ಆಮೇಲೆ, ಹಂಗ್ಯಾಕೆ ಹೇಳ್ದೆ ಅವಳಿಗೆ ಎಂದು ನಜೀರನನ್ನು ಕೇಳಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಜೀಪು ಓಡಿಸುತ್ತಿದ್ದ.

“ಮತ್ತೇನಂತ ಹೇಳ್ಬೇಕಿತ್ತು? ನೀನೇ ಹೇಳು,” ಎಂದ.

ಇಷ್ಟು ವರ್ಷವಾಯಿತು. ನಾನು ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.